ಹುದಲಿಯ ನೂಲು, ಕಾಲೇಜಿನ ಬಸ್ಸು

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಾಲೇಜಿಗೆ ಸೇರಿದ ದಿನದಿಂದಲೇ ಕೇಳಿಸೋ ಒಂದು ಮಾತಿದೆ: "ಇಲ್ಲಿ ರಾಜಕೀಯ ಮಾಡಬಾರದು." ಹುಡುಗರಿಗೂ ಅದೇ ಮಾತು, ಸರ್‌ಗಳಿಗೂ ಅದೇ ಮಾತು. ಯಾಕೆ ಅಂತ ಕೇಳಿದರೆ "ಇದು ಶಿಕ್ಷಣ ಸಂಸ್ಥೆ, ಟ್ಯಾಕ್ಸ್ ಮಾಫಿ ಇದೆ, ಸರಕಾರ ಒಪ್ಪೋದಿಲ್ಲ" ಅನ್ನೋ ಉತ್ತರ. ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಆದರೂ ಈ ನಿಯಮ ಎಲ್ಲಿಂದ ಬಂತು ಅಂತ ಕೆದಕುತ್ತಾ ಹೋದರೆ ಅದರ ಒಂದು ಎಳೆ ನಮ್ಮ ಪಕ್ಕದ ಹುದಲಿಯ ಚರಕದವರೆಗೆ ಬಂತು!

ಬೆಳಗಾವಿ ತಾಲೂಕಿನ ಹುದಲಿ ಗಂಗಾಧರರಾವ್ ದೇಶಪಾಂಡೆಯವರ ಊರು. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ 1924ರ ಡಿಸೆಂಬರಿನಲ್ಲಿ ನಡೆದಾಗ ಅದರ ಹಿಂದೆ ದುಡಿದವರು ಇವರು. ಆಮೇಲೆ ಖಾದಿಯನ್ನೇ ಹಿಡಿದು ಕೂತರು. 1937ರ ಏಪ್ರಿಲ್‌ನಲ್ಲಿ ಗಾಂಧೀಜಿ ಹುದಲಿಗೇ ಬಂದು ಉಳಿದಿದ್ದರು. ಇಂಥ ಊರುಗಳ ಖಾದಿ ಕೆಲಸವನ್ನು ದೇಶದ ಮಟ್ಟದಲ್ಲಿ ನೋಡಿಕೊಳ್ಳಲು 1925ರಲ್ಲಿ ಹುಟ್ಟಿದ್ದು ಅಖಿಲ ಭಾರತ ಚರಕಾ ಸಂಘ.

ಬ್ರಿಟಿಷ್ ಸರಕಾರದ ಆದಾಯ ತೆರಿಗೆ ಇಲಾಖೆ ಈ ಸಂಘಕ್ಕೆ ತೆರಿಗೆ ಹಾಕಿತು. ಸಂಘ ಹುಟ್ಟಿದ್ದು ಕಾಂಗ್ರೆಸ್ಸಿನ ಮಡಿಲಲ್ಲಿ, ಕಾಂಗ್ರೆಸ್ ಅಂದರೆ ರಾಜಕೀಯ. ಹಾಗಿದ್ದರೆ ಇದು ಧರ್ಮಕಾರ್ಯ ಹೇಗಾದೀತು? ಬಾಂಬೆ ಹೈಕೋರ್ಟಿನಲ್ಲಿ ಸಂಘ ಸೋತಿತು. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಯಿತು. 1944ರಲ್ಲಿ ಅಲ್ಲಿ ಬಂದ ತೀರ್ಪಿನ ಸಾರ ಇಷ್ಟು: ಸಂಘವನ್ನು ಹುಟ್ಟಿಸಿದವರು ಯಾರು ಅನ್ನೋದು ಮುಖ್ಯವಲ್ಲ, ಸಂಘದ ಉದ್ದೇಶ ಏನು ಅನ್ನೋದು ಮುಖ್ಯ. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಹಳ್ಳಿಯ ಬಡವರಿಗೆ ನೂಲುವ ಕೆಲಸ ಕೊಡೋದು ಬಡವರ ಸೇವೆ. ಅದಕ್ಕೆ ತೆರಿಗೆ ಇಲ್ಲ. ಕಾಂಗ್ರೆಸ್ಸಿಗರು ಜೈಲಿನಲ್ಲಿದ್ದ ವರ್ಷಗಳಲ್ಲಿ ಬ್ರಿಟಿಷ್ ನ್ಯಾಯಾಧೀಶರು ಕೊಟ್ಟ ತೀರ್ಪು ಇದು ಅನ್ನೋದನ್ನ ಮರೀಬೇಡಿ.

ಘಟಪ್ರಭಾದ ಕರ್ನಾಟಕ ಆರೋಗ್ಯಧಾಮದ ಜೊತೆ ನಂಟಿದ್ದ ಡಾ. ನಾ.ಸು. ಹರ್ಡೀಕರರನ್ನೇ ನೋಡಿ. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದವರು, ಮುಂದೆ ರಾಜ್ಯಸಭೆ ಸದಸ್ಯರೂ ಆದವರು. ಅವರಿಗೆ ರಾಜಕೀಯ ಇತ್ತು ಅಂತ ರೋಗಿಗಳಿಗೆ ಕೊಡೋ ಔಷಧಿ ಪ್ರಚಾರ ಆಗಲಿಲ್ಲ. ಮನುಷ್ಯ ಬೇರೆ, ಸಂಸ್ಥೆ ಬೇರೆ.

ಸ್ವಾತಂತ್ರ್ಯದ ನಂತರ ಬಂದ 1961ರ ಆದಾಯ ತೆರಿಗೆ ಕಾಯ್ದೆ ಇದೇ ದಾರಿಯಲ್ಲಿ ನಡೀತು. ಲಾಭಕ್ಕಲ್ಲದೆ ಶಿಕ್ಷಣಕ್ಕಾಗಿ ಮಾತ್ರ ಇರೋ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ವಿನಾಯಿತಿ. ಈ "ಮಾತ್ರ" ಅನ್ನೋ ಪದಕ್ಕೆ ಎಷ್ಟು ತೂಕ ಇದೆ ಅಂತ 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಶಿಕ್ಷಣ ಬಿಟ್ಟು ಬೇರೆ ಉದ್ದೇಶ ಇಟ್ಟುಕೊಂಡ ಸಂಸ್ಥೆಗೆ ಆ ವಿನಾಯಿತಿ ಇಲ್ಲ. ಪಕ್ಷಗಳಿಗೂ ತೆರಿಗೆ ವಿನಾಯಿತಿ ಇದೆ, ಆದರೆ ಅದು 1979ರಿಂದ ಜಾರಿಗೆ ಬಂದ ಬೇರೆಯೇ ಕಲಮು. ಅಂದರೆ ಕಾನೂನು ಎರಡಕ್ಕೂ ಬೇರೆ ಬೇರೆ ಡಬ್ಬಿ ಇಟ್ಟಿದೆ. ಒಂದರ ದುಡ್ಡು ಇನ್ನೊಂದಕ್ಕೆ ಸುರಿಯೋ ಹಾಗಿಲ್ಲ.

ಅಮೆರಿಕದಲ್ಲಿ 1954ರಿಂದ ನೇರವಾದ ನಿಷೇಧವೇ ಇದೆ: ತೆರಿಗೆ ವಿನಾಯಿತಿ ಪಡೆದ ವಿಶ್ವವಿದ್ಯಾಲಯ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡಬಾರದು. ನಮ್ಮ ತೆರಿಗೆ ಕಾಯ್ದೆಯಲ್ಲಿ ಅಂಥ ಒಂದು ಸಾಲು ಇಲ್ಲ. ಆದರೆ 13ನೇ ಕಲಮು ಇನ್ನೂ ಸ್ವಾರಸ್ಯವಾಗಿತ್ತು: ಟ್ರಸ್ಟಿನ ಕಟ್ಟಡ, ವಾಹನ, ದುಡ್ಡನ್ನು ಸ್ಥಾಪಕರು, ಟ್ರಸ್ಟಿಗಳು, ಅವರ ಸಂಬಂಧಿಕರು ಸರಿಯಾದ ಬಾಡಿಗೆ ಕೊಡದೆ ಬಳಸಿದರೆ ವಿನಾಯಿತಿಗೇ ಕುತ್ತು. ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದರೂ ಈ ತತ್ವ ಬದಲಾಗಿಲ್ಲ.

ಈಗ ಲೆಕ್ಕ ಹಾಕಿ. ಸಂಸ್ಥೆಯ ಅಧ್ಯಕ್ಷರೇ ಚುನಾವಣೆಗೆ ನಿಂತು ಕಾಲೇಜಿನ ಬಸ್ಸಿನಲ್ಲಿ ಜನರನ್ನು ಸಭೆಗೆ ಕರೆತಂದರೆ? ನಾನು ಓದುವಾಗ ಕಣ್ಣಾರೆ ಕಂಡದ್ದು ಇದು (ಕಾಲೇಜಿನ ಹೆಸರು ಬೇಡ ಬಿಡಿ). ಬಸ್ಸು ಪ್ರಚಾರಕ್ಕೆ ಹೋಗಿತ್ತು, ನಾವು ಬಿಸಿಲಲ್ಲಿ ನಡೆದು ಕ್ಲಾಸಿಗೆ ಹೋಗಿದ್ದೆವು. ಆ ಬಸ್ಸಿನ ಡೀಸೆಲ್ಲಿಗೆ ಹೋದದ್ದು ನಮ್ಮ ಅಪ್ಪಂದಿರು ಕಬ್ಬಿನ ಬಿಲ್ಲಿನಲ್ಲಿ ಕಟ್ಟಿದ ಫೀಸು.

ಇನ್ನೊಂದು ಕಡೆ, ಮೇಷ್ಟ್ರಿಗೆ ರಾಜಕೀಯವೇ ಬೇಡ ಅಂತ ಸಂವಿಧಾನ ಎಲ್ಲೂ ಹೇಳಿಲ್ಲ. ಬದಲಿಗೆ ವಿಧಾನ ಪರಿಷತ್ತಿನಲ್ಲಿ ಶಿಕ್ಷಕರಿಗೇ ಕ್ಷೇತ್ರ ಕೊಟ್ಟಿದೆ! ಕರ್ನಾಟಕದ 75 ಸ್ಥಾನಗಳಲ್ಲಿ 7 ಅವರದ್ದು. ನಮ್ಮ ಬೆಳಗಾವಿ ಜಿಲ್ಲೆ ವಿಜಯಪುರ, ಬಾಗಲಕೋಟೆಗಳ ಜೊತೆ ವಾಯವ್ಯ ಶಿಕ್ಷಕರ ಕ್ಷೇತ್ರದಲ್ಲಿದೆ. ಕಾಲೇಜಿನ ಮೈದಾನದಲ್ಲಿ ಪಕ್ಷದ ಸಭೆ ನಡೆಸೋಕೂ ಚುನಾವಣಾ ಆಯೋಗದ ಮಾರ್ಗಸೂಚಿಗಳು ದಾರಿ ಬಿಟ್ಟಿವೆ. ಪಾಠಕ್ಕೆ ಅಡ್ಡಿ ಆಗಬಾರದು, ಆಡಳಿತ ಮಂಡಳಿಯ ಒಪ್ಪಿಗೆ ಬೇಕು, ಮೊದಲೇ ಅನುಮತಿ ತಗೋಬೇಕು, ಒಂದೇ ಪಕ್ಷದ ಸ್ವತ್ತಾಗಬಾರದು, ಅಷ್ಟೇ.

ಆದರೆ ನಡೆದದ್ದು ತಲೆಕೆಳಗು. ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ಗಲಾಟೆ ಆಗುತ್ತೆ ಅಂತ 1989ರ ಸುಮಾರಿಗೆ ನಿಲ್ಲಿಸಿದರು. 2006ರಲ್ಲಿ ಲಿಂಗ್ಡೋ ಸಮಿತಿ, ಅಭ್ಯರ್ಥಿಯ ಖರ್ಚು 5000 ರೂಪಾಯಿ ಮೀರಬಾರದು ಅಂತ ಹೇಳಿ ಚುನಾವಣೆ ನಡೆಸೋ ದಾರಿ ತೋರಿಸಿತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿಕೊಂಡಿತು. ಆದರೂ ನಮ್ಮ ಹುಡುಗರು ಮತದಾನ ಕಲಿತದ್ದು ಕಾಲೇಜಿನಲ್ಲಿ ಅಲ್ಲ.

1944ರ ತೀರ್ಪು ಕಟ್ಟಿಹಾಕಿದ್ದು ಸಂಸ್ಥೆಯ ಉದ್ದೇಶವನ್ನು, ಮನುಷ್ಯರ ಬಾಯನ್ನಲ್ಲ. ನಾವು ಬಾಯಿಗೆ ಬೀಗ ಹಾಕಿ ಬಸ್ಸಿನ ಕೀಲಿಯನ್ನು ಹಾಗೇ ಬಿಟ್ಟೆವು. ಮುಂದಿನ ಸಲ ಯಾರಾದರೂ "ಕಾಲೇಜಿನಲ್ಲಿ ರಾಜಕೀಯ ಬೇಡ" ಅಂದರೆ ಖಂಡಿತ ಒಪ್ಪಿಕೊಳ್ಳಿ. ಒಪ್ಪಿಕೊಂಡು, ಬಸ್ಸು ಎಲ್ಲಿದೆ ಅಂತ ಮಾತ್ರ ಕೇಳಿ :)