ವರ್ಜೀನಿಯಾ ತಂಬಾಕು ವ್ಯಾಪಾರ: ನ್ಯಾಯಾಲಯ ದಾಖಲೆಗಳ ಆಧಾರ

17 ಮತ್ತು 18ನೆಯ ಶತಮಾನಗಳಲ್ಲಿ ಉತ್ತರ ಅಮೆರಿಕದ ವರ್ಜೀನಿಯಾ, ಮೇರಿಲ್ಯಾಂಡ್ ವಸಾಹತುಗಳಿಂದ ಬ್ರಿಟನ್ನಿಗೆ ಸಾಗುತ್ತಿದ್ದ ತಂಬಾಕಿನ ಇತಿಹಾಸ ಬರೆಯುವವರಿಗೆ ಹಳೆಯ ದಾವೆಗಳ ಕಡತಗಳೇ ದೊಡ್ಡ ಆಸರೆ. ಯಾವ ವರ್ಷ ಎಷ್ಟು ಸರಕು ಬಂತೆಂಬುದು ಸುಂಕದ ಲೆಕ್ಕಗಳಿಂದ ತಿಳಿಯುತ್ತದೆ. ಯಾರು ಯಾರ ಬಳಿ ಸಾಲ ಮಾಡಿದ್ದರು, ಪೀಪಾಯಿಯ ತಳದಲ್ಲಿ ಕೊಳೆತ ಎಲೆ ತುಂಬಿದವರು ಯಾರು, ದುಡಿದ ಆಳಿಗೆ ಬಿಡುಗಡೆ ಸಿಕ್ಕಿತೇ ಎಂಬುದೆಲ್ಲ ತಿಳಿಯಬೇಕಾದರೆ ಜಗಳದ ಕಾಗದಗಳನ್ನೇ ಬಿಚ್ಚಬೇಕು.

ಜಾನ್ ರಾಲ್ಫ್ ಎಂಬ ಬೆಳೆಗಾರ 1612ರ ಸುಮಾರಿಗೆ ಕೆರಿಬಿಯನ್ ಕಡೆಯ ಬೀಜ ತರಿಸಿ ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ ಬಿತ್ತಿದ. ಎರಡೇ ವರ್ಷಗಳಲ್ಲಿ ಆ ಎಲೆ ಇಂಗ್ಲೆಂಡ್ ತಲುಪಿತು. ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರು ಇಂದು ಬೆಳೆಯುವ ‘ವರ್ಜೀನಿಯಾ’ ತಂಬಾಕಿಗೆ ಹೆಸರು ಬಂದದ್ದು ಇದೇ ವಸಾಹತಿನಿಂದ. ನಾಣ್ಯ ಅಪರೂಪವಾಗಿದ್ದ ಆ ನೆಲದಲ್ಲಿ ತಂಬಾಕೇ ಹಣವಾಗಿ ಓಡಾಡುತ್ತಿತ್ತು. ಕಂದಾಯ, ದಂಡ, ಗುಮಾಸ್ತನ ಶುಲ್ಕ ಎಲ್ಲಕ್ಕೂ ಇಷ್ಟು ಪೌಂಡ್ ತೂಕದ ಎಲೆ ಎಂದು ಲೆಕ್ಕ. 1696ರ ಕಾನೂನು ಪಾದ್ರಿಯ ವಾರ್ಷಿಕ ಸಂಬಳವನ್ನು 16,000 ಪೌಂಡ್ ತಂಬಾಕು ಎಂದು ಗೊತ್ತುಮಾಡಿತು. ಹೀಗಾಗಿ ಬೇಲಿ ಮುರಿದ ಹಂದಿಯ ತಕರಾರಾಗಲಿ ವಿಧವೆಯ ಪಾಲಾಗಲಿ, ಕಟ್ಟೆ ಏರಿದ್ದೆಲ್ಲ ತಂಬಾಕಿನ ಲೆಕ್ಕದಲ್ಲೇ ದಾಖಲಾಯಿತು.

ಈ ದಾಖಲೆಗಳ ತಳಪಾಯವೆಂದರೆ ಕೌಂಟಿ ನ್ಯಾಯಾಲಯ. ಚೆಸಪೀಕ್ ಕೊಲ್ಲಿಯ ಪೂರ್ವ ದಂಡೆಯ ನಾರ್ಥಾಂಪ್ಟನ್ ಕೌಂಟಿಯ ಪುಸ್ತಕಗಳು 1632ರಿಂದ ತಡೆಯಿಲ್ಲದೆ ಉಳಿದು ಬಂದಿವೆ. ಅಮೆರಿಕದಲ್ಲಿ ಇಷ್ಟು ಹಳೆಯ, ಮಧ್ಯೆ ಕಡಿಯದ ಕೌಂಟಿ ದಾಖಲೆ ಬೇರೆಲ್ಲೂ ಇಲ್ಲ. ಪೀಠದಲ್ಲಿ ಕೂರುತ್ತಿದ್ದವರು ವಕೀಲಿಕೆ ಕಲಿತವರಲ್ಲ, ನೆರೆಹೊರೆಯ ದೊಡ್ಡ ಬೆಳೆಗಾರರು. ಇಂದು ಸಾಲ ವಸೂಲಿಗೆ ತೀರ್ಪು ಕೊಟ್ಟವನೇ ನಾಳೆ ಅದೇ ಕಟ್ಟೆಯೆದುರು ವಾದಿಯಾಗಿ ನಿಲ್ಲುತ್ತಿದ್ದ. ಇದನ್ನು ಮರೆತು ತೀರ್ಪುಗಳನ್ನು ಓದಿದರೆ ಹಾದಿ ತಪ್ಪುವುದು ಖಂಡಿತ.

ಆಂಟನಿ ಜಾನ್ಸನ್‌ನ ಕತೆ ಈ ಪುಸ್ತಕಗಳ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರುತ್ತದೆ. 1621ರಲ್ಲಿ ‘ಆಂಟೋನಿಯೊ’ ಎಂಬ ಒಂಟಿ ಹೆಸರಿನಲ್ಲಿ ವರ್ಜೀನಿಯಾಕ್ಕೆ ಬಂದ ಈ ಆಫ್ರಿಕನ್, ಜೀತದಿಂದ ಬಿಡಿಸಿಕೊಂಡು 1651ರಲ್ಲಿ 250 ಎಕರೆ ಜಮೀನಿನ ಒಡೆಯನಾದ. 1653ರಲ್ಲಿ ಅವನ ತೋಟಕ್ಕೆ ಬೆಂಕಿ ಬಿದ್ದಾಗ ನ್ಯಾಯಾಲಯ ಅವನ ಹೆಂಡತಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಕಂದಾಯ ಮನ್ನಾ ಮಾಡಿತು. ಆಮೇಲೆ ಜಾನ್ ಕೇಸರ್ ಎಂಬ ಅವನ ಕಪ್ಪು ಆಳು, ತಾನು ಏಳೆಂಟು ವರ್ಷದ ಕರಾರಿನ ಮೇಲೆ ಬಂದವನು, ಅವಧಿ ಮುಗಿದು ಮತ್ತೆ ಏಳು ವರ್ಷ ಕಳೆದರೂ ಬಿಡುತ್ತಿಲ್ಲ ಎಂದು ದೂರಿದ. ಜಾನ್ಸನ್ ಮೊದಲು ಮನೆಯವರ ಮಾತಿಗೆ ಒಪ್ಪಿ ಅವನನ್ನು ಬಿಟ್ಟ. ಕೇಸರ್ ನೆರೆಯ ರಾಬರ್ಟ್ ಪಾರ್ಕರನ ಬಳಿ ಸೇರಿಕೊಂಡ. ಬಳಿಕ ಮನಸ್ಸು ಬದಲಿಸಿದ ಜಾನ್ಸನ್ ದಾವೆ ಹೂಡಿದ. 1655ರ ಮಾರ್ಚ್‌ನಲ್ಲಿ ತೀರ್ಪು ಅವನ ಪರವಾಯಿತು: ಕೇಸರ್ ಒಡೆಯನ ಬಳಿಗೆ ಮರಳಬೇಕು, ಖರ್ಚನ್ನು ಪಾರ್ಕರ್ ತೆರಬೇಕು. ಜಾನ್ಸನ್ ಕೊನೆಗಾಲಕ್ಕೆ ಮೇರಿಲ್ಯಾಂಡಿಗೆ ಹೋಗಿ ಅಲ್ಲೇ ತೀರಿಕೊಂಡ. 1670ರಲ್ಲಿ ವರ್ಜೀನಿಯಾದ ಜ್ಯೂರಿಯೊಂದು, ಅವನು ನೀಗ್ರೊ, ಆದ್ದರಿಂದ ಪರದೇಶಿ, ಅವನು ಬಿಟ್ಟುಹೋದ ಜಮೀನು ರಾಜನಿಗೆ ಸೇರಬೇಕು ಎಂದಿತು. ಇಪ್ಪತ್ತೇ ವರ್ಷಗಳಲ್ಲಿ ಗಾಳಿ ಎತ್ತ ತಿರುಗಿತೆಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಕೇಸರನ ಮಾತು ಮಾತ್ರ ನಮಗೆ ಸಿಗುವುದು ಬೇರೆಯವರ ಸಾಕ್ಷಿ ಹೇಳಿಕೆಯ ಮೂಲಕ.

18ನೆಯ ಶತಮಾನದಲ್ಲಿ ಪುಸ್ತಕಗಳ ಬಣ್ಣ ಬದಲಾಗಿ ಸಾಲದ ದಾವೆಗಳೇ ತುಂಬಿಕೊಳ್ಳುತ್ತವೆ. 1707ರಲ್ಲಿ ಇಂಗ್ಲೆಂಡ್–ಸ್ಕಾಟ್ಲೆಂಡ್ ಒಂದಾದ ಮೇಲೆ ಗ್ಲಾಸ್ಗೋ ವರ್ತಕರು ಚೆಸಪೀಕಿನ ನದಿಗಳುದ್ದಕ್ಕೂ ಅಂಗಡಿ ತೆರೆದು, ಬಟ್ಟೆ, ಮೊಳೆ, ಸಕ್ಕರೆಯನ್ನು ಉದ್ದರಿ ಕೊಟ್ಟು ಮುಂದಿನ ಬೆಳೆಯನ್ನು ಕೈವಶ ಮಾಡಿಕೊಂಡರು. ಜಾನ್ ಗ್ಲಾಸ್‌ಫರ್ಡ್, ವಿಲಿಯಂ ಕನಿಂಗ್‌ಹ್ಯಾಮ್, ಅಲೆಕ್ಸಾಂಡರ್ ಸ್ಪಿಯರ್ಸ್ ಇವರಲ್ಲಿ ಪ್ರಮುಖರು. 1732ರ ಬ್ರಿಟಿಷ್ ಕಾನೂನು ಇವರಂಥವರಿಗೆ ಎರಡು ಅನುಕೂಲ ಮಾಡಿಕೊಟ್ಟಿತು. ಬ್ರಿಟನ್ನಿನ ಯಾವುದೇ ಊರಿನ ಮೇಯರನ ಮುಂದೆ ಪ್ರಮಾಣ ಮಾಡಿ ಬರೆಸಿದ ಲೆಕ್ಕವೂ ವಸಾಹತಿನ ನ್ಯಾಯಾಲಯದಲ್ಲಿ ಸಾಕ್ಷ್ಯವಾಯಿತು. ಸಾಲಕ್ಕೆ ಜಮೀನಿನ ಜೊತೆ ಗುಲಾಮರನ್ನೂ ಜಪ್ತಿ ಮಾಡಬಹುದಾಯಿತು. ಲೆಕ್ಕಪತ್ರವೊಂದರ ಅಡಿಯಲ್ಲಿ ಹೆಂಗಸರು, ಮಕ್ಕಳು ಹೆಸರು ಬೆಲೆ ಸಮೇತ ಸಾಲುಗಟ್ಟಿ ಬರುವುದು ಇದರಿಂದಲೇ. ಎಷ್ಟೋ ಮಂದಿಯ ಬದುಕಿಗೆ ಉಳಿದಿರುವ ಗುರುತು ಅದೊಂದೇ ಸಾಲು.

ಕಡಲಾಚೆಯ ಕಡತಗಳ ಸ್ವರೂಪವೇ ಬೇರೆ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ನೌಕಾ ನ್ಯಾಯಾಲಯದ ಹೇಳಿಕೆಗಳಿವೆ. ಸಂಬಳ ಸಿಗದ ನಾವಿಕರು, ಸಮುದ್ರದ ನೀರು ನುಗ್ಗಿ ಎಲೆ ಕೆಟ್ಟದ್ದಕ್ಕೆ ಹೊಣೆ ಯಾರೆಂದು ಕಿತ್ತಾಡಿದ ಹಡಗು ಯಜಮಾನರು ಅಲ್ಲಿ ತಮ್ಮ ವಯಸ್ಸು, ಊರು, ಕಸುಬು ಹೇಳಿ ಮಾತು ಶುರುಮಾಡುತ್ತಾರೆ. ಚಾನ್ಸರಿ ನ್ಯಾಯಾಲಯಕ್ಕೆ ಪುರಾವೆಯಾಗಿ ಒಪ್ಪಿಸಿ, ವ್ಯಾಜ್ಯ ಮುಗಿದ ಮೇಲೂ ಯಾರೂ ವಾಪಸು ಪಡೆಯದ ವರ್ತಕರ ಜಮಾಖರ್ಚು ಪುಸ್ತಕಗಳೂ ಅಲ್ಲಿವೆ. ಮರೆವು ಇಲ್ಲವೇ ದಿವಾಳಿಯಿಂದಾಗಿ ಉಳಿದ ಇವುಗಳಷ್ಟು ಒಳಗಿನ ಸುದ್ದಿ ಹೇಳುವ ಕಾಗದ ಕಡಿಮೆ. ಗ್ಲಾಸ್ಗೋ ಕಂಪನಿಗಳ ಪಾಲುದಾರರ ಜಗಳಕ್ಕೆ ಎಡಿನ್‌ಬರೋದ ಕೋರ್ಟ್ ಆಫ್ ಸೆಷನ್‌ನ ಕಡತ ನೋಡಬೇಕು. ಅಲ್ಲಿ ವಾದಪತ್ರಗಳನ್ನು ಅಚ್ಚು ಹಾಕಿಸುವ ರೂಢಿಯಿತ್ತು, ಕೈಬರಹದೊಂದಿಗೆ ಹೆಣಗುವ ಕಷ್ಟವಿಲ್ಲ.

ಅಮೆರಿಕದ ಸ್ವಾತಂತ್ರ್ಯ ಸಮರದ ನಂತರವೂ ಈ ಸಾಲಗಳು ತೀರಲಿಲ್ಲ. ಬ್ರಿಸ್ಟಲ್‌ನ ಫ್ಯಾರೆಲ್ ಅಂಡ್ ಜೋನ್ಸ್ ಕಂಪನಿಗೆ 1774ರಲ್ಲಿ ಬರೆದುಕೊಟ್ಟ ಸಾಲಪತ್ರವೊಂದರ ವ್ಯಾಜ್ಯ ‘ವೇರ್ ವಿರುದ್ಧ ಹಿಲ್ಟನ್’ ಎಂಬ ಹೆಸರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟನ್ನು ಮುಟ್ಟಿತು. ಯುದ್ಧಕಾಲದ ವರ್ಜೀನಿಯಾ ಕಾನೂನಿನಂತೆ ರಾಜ್ಯದ ಖಜಾನೆಗೆ ಕಾಗದದ ನೋಟು ಕಟ್ಟಿ ಋಣ ಕಳೆದುಕೊಂಡೆವೆಂದು ಸಾಲಗಾರರ ವಾದ. ಅವರ ಪರ ನಿಂತವನು ಮುಂದೆ ಅದೇ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಜಾನ್ ಮಾರ್ಷಲ್. ಆತ ಸೋತ. 1783ರ ಪ್ಯಾರಿಸ್ ಒಪ್ಪಂದ ರಾಜ್ಯದ ಕಾನೂನಿಗಿಂತ ಮೇಲು ಎಂದು 1796ರಲ್ಲಿ ತೀರ್ಪಾಯಿತು. ಉಳಿದ ಬಾಕಿಗಳಿಗೆಲ್ಲ ಸೇರಿಸಿ 6,00,000 ಪೌಂಡ್ ಹಣ ಕೊಡಲು ಅಮೆರಿಕ ಸರಕಾರ 1802ರಲ್ಲಿ ಒಪ್ಪಿತು. ಅದನ್ನು ಹಂಚಲು ಬ್ರಿಟನ್ನಿನಲ್ಲಿ ನಡೆದ ವಿಚಾರಣೆಯ ಕಡತಗಳಲ್ಲಿ ಸಾಲಗಾರರ ಆಸ್ತಿಪಾಸ್ತಿಯ ವಿವರವೂ ಸೇರಿದೆ.

ಸಂಶೋಧಕನಿಗೆ ಎದುರಾಗುವ ದೊಡ್ಡ ತೊಡಕು ನಷ್ಟ. 1865ರ ಏಪ್ರಿಲ್‌ನಲ್ಲಿ ರಿಚ್‌ಮಂಡ್ ನಗರ ಹೊತ್ತಿ ಉರಿದಾಗ ವಸಾಹತಿನ ಜನರಲ್ ಕೋರ್ಟಿನ ಕಡತಗಳು ಬೂದಿಯಾದವು. ಭದ್ರವಾಗಿರಲೆಂದು ಹಲವು ಕೌಂಟಿಗಳು ಅಲ್ಲಿಗೆ ಸಾಗಿಸಿದ್ದ ಪುಸ್ತಕಗಳೂ ಸುಟ್ಟವು. ಹಾನೋವರ್ ಅವುಗಳಲ್ಲೊಂದು. ಬೆಳೆ ಕೈಕೊಟ್ಟು ಬೆಲೆ ಏರಿದಾಗ, ಪಾದ್ರಿಗಳಿಗೆ ತಂಬಾಕಿನ ಬದಲು ಪೌಂಡಿಗೆ ಎರಡು ಪೆನ್ಸ್‌ನಂತೆ ಹಣ ಕೊಟ್ಟರೆ ಸಾಕೆಂದು 1758ರಲ್ಲಿ ಕಾನೂನಾಗಿತ್ತು. ಅದರ ಮೇಲೆ ಪಾದ್ರಿ ಜೇಮ್ಸ್ ಮೌರಿ ಹೂಡಿದ ದಾವೆಯಲ್ಲಿ ಎದುರು ಪಕ್ಷದ ವಕೀಲ ಪ್ಯಾಟ್ರಿಕ್ ಹೆನ್ರಿ ವಾದಿಸಿ, ಪಾದ್ರಿಗೆ ಒಂದೇ ಒಂದು ಪೆನ್ನಿ ಪರಿಹಾರ ಬರುವಂತೆ ಮಾಡಿದ್ದು ಈ ಹಾನೋವರ್‌ನಲ್ಲೇ, 1763ರಲ್ಲಿ. ಆ ದಿನದ ವಾದ ನಮಗೆ ತಿಳಿದಿರುವುದು ಬಹುಮಟ್ಟಿಗೆ ಸೋತ ಮೌರಿಯೇ ಬರೆದ ಪತ್ರದಿಂದ.

ಸಣ್ಣ ತೊಡಕುಗಳೂ ಇವೆ. 1752ಕ್ಕೆ ಮುಂಚೆ ಇಂಗ್ಲಿಷರ ಹೊಸವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿತ್ತು. ಆದ್ದರಿಂದ ಕೇಸರನ ತೀರ್ಪು ಮೂಲದಲ್ಲಿ 1654ರದ್ದೆಂದೇ ಕಾಣುತ್ತದೆ. ಇಂಗ್ಲೆಂಡಿನ ನ್ಯಾಯಾಲಯಗಳ ವಿಧ್ಯುಕ್ತ ದಾಖಲೆಗಳು 1733ರವರೆಗೆ ಬಹುಮಟ್ಟಿಗೆ ಲ್ಯಾಟಿನ್‌ನಲ್ಲಿವೆ. ಮೇರಿಲ್ಯಾಂಡಿನ ದಾಖಲೆಗಳು 1883ರಿಂದ ಅಚ್ಚಾಗುತ್ತ ಬಂದವು. ವರ್ಜೀನಿಯಾ ಜನರಲ್ ಕೋರ್ಟಿನ ಅಳಿದುಳಿದ ನಡಾವಳಿಗಳನ್ನು ಎಚ್. ಆರ್. ಮೆಕಿಲ್ವೈನ್ 1924ರಲ್ಲಿ ಸಂಪಾದಿಸಿದರು. 1950ರ ದಶಕದಲ್ಲಿ ಆರಂಭವಾದ ವರ್ಜೀನಿಯಾ ವಸಾಹತು ದಾಖಲೆ ಯೋಜನೆ ಬ್ರಿಟನ್ನಿನ ಪತ್ರಾಗಾರಗಳನ್ನು ಜಾಲಾಡಿ, ಸಿಕ್ಕ ಕಾಗದಗಳ ಮೈಕ್ರೋಫಿಲ್ಮ್ ತೆಗೆಸಿತು. ಅವು ಈಗ ರಿಚ್‌ಮಂಡ್‌ನ ವರ್ಜೀನಿಯಾ ಗ್ರಂಥಾಲಯದಲ್ಲಿವೆ.