ಮುಖ್ಯ ಕೋಚ್ ಪಕ್ಕದ ಕುರ್ಚಿ

ನಮ್ಮ ಕಾಲೇಜುಗಳಲ್ಲಿ ವಾಲಿಬಾಲ್ ತಂಡದ ಕೋಚ್ ಯಾರು ಎಂದು ಕೇಳಿದರೆ ಹುಡುಗರು ಪಿ.ಡಿ. ಕೋಣೆಯತ್ತ ಕೈ ತೋರಿಸುತ್ತಾರೆ. ಕಬಡ್ಡಿಗೂ ಅವರೇ, ಖೋ ಖೋಗೂ ಅವರೇ, ಕ್ರೀಡಾಕೂಟದ ದಿನ ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸುವವರೂ ಅವರೇ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ವಾಲಿಬಾಲ್ ಒಂದಕ್ಕೇ ನಾಲ್ವರು ಕೋಚ್‌ಗಳಿಗೆ ಅವಕಾಶವಿದೆ: ಒಬ್ಬರು ಮುಖ್ಯಸ್ಥರು, ಮೂವರು ಸಹಾಯಕರು. ಆ ಸಹಾಯಕರ ಕುರ್ಚಿಗಳು ಎಷ್ಟಿರಬೇಕು, ಕೂತವರಿಗೆ ಸಂಬಳ ಉಂಟೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಸಂಸ್ಥೆಯ ನಿಯಮ ಪುಸ್ತಕ. ಅದರ ಕೈಗೂ ಮೀರಿದ್ದನ್ನು ಕೋರ್ಟುಗಳು ತೀರ್ಮಾನಿಸಿದವು.

ವಿಲಿಯಂ ಮಾರ್ಗನ್ ಈ ಆಟವನ್ನು ಮ್ಯಾಸಚೂಸೆಟ್ಸ್‌ನ ಹೋಲಿಯೋಕ್‌ನಲ್ಲಿ ಕಟ್ಟಿದ್ದು 1895ರಲ್ಲಿ. ಅದನ್ನು ಹೇಳಿಕೊಟ್ಟು ಹೊಟ್ಟೆ ಹೊರೆಯಬಹುದು ಎಂಬ ಸ್ಥಿತಿ ಬರಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. 1963ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ಪುರುಷರ ತಂಡವನ್ನು ಕೈಗೆತ್ತಿಕೊಂಡ ಆಲ್ ಸ್ಕೇಟ್ಸ್ 19 ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಆದರೂ ಬಹುಕಾಲ ಶಾಲಾ ಮೇಷ್ಟ್ರ ಕೆಲಸ ಬಿಟ್ಟಿರಲಿಲ್ಲ. ಮುಖ್ಯ ಕೋಚ್‌ನದೇ ಈ ಪಾಡಾದರೆ ಸಹಾಯಕನಿಗೆ ಸಂಬಳ ಕೊಡುವವರು ಯಾರು?

ಹಣ ಬಂದದ್ದು ಕಾನೂನಿನ ಹಿಂದೆ. 1972ರ ‘ಟೈಟಲ್ ನೈನ್’ ಕಾಯ್ದೆ, ಸರ್ಕಾರದ ಅನುದಾನ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು-ಗಂಡೆಂಬ ಭೇದ ಕೂಡದೆಂದಿತು. ಹೆಣ್ಣುಮಕ್ಕಳಿಗೂ ತಂಡ ಕಟ್ಟಬೇಕಾಯಿತು, ವಾಲಿಬಾಲ್ ಎಲ್ಲೆಡೆ ಹಬ್ಬಿತು. 1981ರಲ್ಲಿ ಎನ್‌ಸಿಎಎ ಮಹಿಳೆಯರಿಗೆ ರಾಷ್ಟ್ರೀಯ ಟೂರ್ನಿ ಶುರುಮಾಡಿತು. ವಾಲಿಬಾಲ್ ಕೋಚ್‌ಗಳ ಸಂಘ ಹುಟ್ಟಿದ್ದೂ ಅದೇ ವರ್ಷ.

ಕೆಲಸವೂ ಬೆಳೆಯಿತು. ಮೊದಲು ಸಹಾಯಕನೆಂದರೆ ಚೆಂಡು ಹೊಡೆದುಕೊಡುವವ, ವ್ಯಾನ್ ಓಡಿಸುವವ. ಜಿಮ್ ಕೋಲ್ಮನ್ ಎಂಬ ಕೋಚ್ ಪ್ರತಿ ಪಾಸ್‌ಗೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಕ್ರಮ ತಂದ ಮೇಲೆ ಕೈಗೆ ಪೆನ್ಸಿಲ್ ಬಂತು, ಆಮೇಲೆ ಲ್ಯಾಪ್‌ಟಾಪ್. ಇಂದು ಒಬ್ಬರು ಬ್ಲಾಕ್ ನೋಡಿಕೊಂಡರೆ, ಇನ್ನೊಬ್ಬರು ಸೆಟ್ಟರ್‌ಗಳನ್ನು, ಅಂದರೆ ನಮ್ಮ ಕಡೆ ಲಿಫ್ಟರ್ ಎನ್ನುವವರನ್ನು ಪಳಗಿಸುತ್ತಾರೆ. ಎದುರಾಳಿಯ ವಿಡಿಯೊ ಕತ್ತರಿಸಿ ಜೋಡಿಸುವ ರಾತ್ರಿ ಪಾಳಿ ಬೇರೆ. ಎಲ್ಲಕ್ಕಿಂತ ಮಿಗಿಲಾದದ್ದು ರಿಕ್ರೂಟಿಂಗ್. ಹತ್ತಾರು ಅಂಗಣಗಳಲ್ಲಿ ಒಟ್ಟೊಟ್ಟಿಗೆ ಪಂದ್ಯ ನಡೆಯುವ ಕ್ಲಬ್ ಟೂರ್ನಿಗಳಲ್ಲಿ ದಿನವಿಡೀ ಓಡಾಡಿ, ಹದಿನೈದು ಹದಿನಾರರ ಹುಡುಗಿಯರಲ್ಲಿ ನಾಳಿನ ಆಟಗಾರ್ತಿಯನ್ನು ಗುರುತಿಸುವ ಕೆಲಸ. ಮುಂದೆ ಮುಖ್ಯ ಕೋಚ್ ಹುದ್ದೆಗೆ ಸಂದರ್ಶನವಾದಾಗ ಮೊದಲು ಕೇಳುವುದು ಇದನ್ನೇ: ಯಾರ್‍ಯಾರನ್ನು ಕರೆತಂದೆ?

ಗೋಜಲಿರುವುದು ಇಲ್ಲೇ. ದಶಕಗಳ ಕಾಲ ಈ ಆಟದಲ್ಲಿ ಸಂಬಳದ ಸಹಾಯಕರು ಇಬ್ಬರೇ. ಮೂರನೆಯವರು ‘ಸ್ವಯಂಸೇವಕ ಕೋಚ್’. ಹೆಸರೇನೋ ಚೆಂದ. ಬೆಳಗಿನ ಅಭ್ಯಾಸದಿಂದ ರಾತ್ರಿಯ ಪಂದ್ಯದವರೆಗೆ ಎಲ್ಲರಷ್ಟೇ ದುಡಿತ, ಆದರೆ ವಿಶ್ವವಿದ್ಯಾಲಯದಿಂದ ಸಂಬಳ ಕೂಡದು. ಬೇಸಿಗೆ ಶಿಬಿರಗಳ ಸಂಭಾವನೆ, ಕ್ಲಬ್ ತಂಡಗಳ ಕೋಚಿಂಗ್, ಇಲ್ಲವೇ ಅಪ್ಪ-ಅಮ್ಮನ ಕಿಸೆ, ಇವುಗಳ ಮೇಲೇ ಬದುಕು. ಜೊತೆಗೆ ಕ್ಯಾಂಪಸ್ಸಿನ ಹೊರಗೆ ರಿಕ್ರೂಟಿಂಗ್‌ಗೆ ಹೋಗುವಂತೆಯೂ ಇರಲಿಲ್ಲ. ಮುಂದಿನ ಮೆಟ್ಟಿಲಿಗೆ ಯಾವ ಅನುಭವ ಬೇಕೋ ಅದಕ್ಕೇ ಬಾಗಿಲು ಹಾಕಿದಂತಾಯಿತು. ಎರಡು ಮೂರು ವರ್ಷ ಸಂಬಳವಿಲ್ಲದೆ ತಡೆದುಕೊಳ್ಳಬಲ್ಲವರು ಉಳಿದರು, ತಡೆಯಲಾಗದವರು ಆಟ ಬಿಟ್ಟರು. ಹೀಗೆ ಬಿಟ್ಟವರ ಲೆಕ್ಕ ಯಾವ ಅಂಕಿಅಂಶದ ಹಾಳೆಯಲ್ಲೂ ಸಿಗುವುದಿಲ್ಲ.

ಇದು ಕಾನೂನಿಗೆ ನಿಲ್ಲದು ಎಂಬ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. ಕೆಲವು ಸಹಾಯಕರ ವರ್ಷದ ಗಳಿಕೆ 16,000 ಡಾಲರ್ ದಾಟಕೂಡದೆಂದು ಎನ್‌ಸಿಎಎ 1992ರಿಂದ ಮಿತಿ ಹೇರಿತ್ತು. ಬ್ಯಾಸ್ಕೆಟ್‌ಬಾಲ್ ಕೋಚ್‌ಗಳು ಕೋರ್ಟಿಗೆ ಹೋದರು, 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು, ಮರುವರ್ಷ 5 ಕೋಟಿ 45 ಲಕ್ಷ ಡಾಲರ್‌ಗೆ ರಾಜಿಯಾಯಿತು. ಕಡಿಮೆ ಸಂಬಳ ತಪ್ಪೆಂದಾದ ಮೇಲೂ ಸೊನ್ನೆ ಸಂಬಳ ಇಪ್ಪತ್ತೈದು ವರ್ಷ ನಡೆದದ್ದು ವಿಚಿತ್ರ. ಕೊನೆಗೆ 2023ರ ಜುಲೈ 1ರಂದು ಸ್ವಯಂಸೇವಕ ಪಟ್ಟ ರದ್ದಾಗಿ, ವಾಲಿಬಾಲ್‌ನ ಮೂರನೇ ಸಹಾಯಕರಿಗೂ ಸಂಬಳ ಕೊಡಬಹುದು ಎಂದಾಯಿತು. ಕೊಡಲೇಬೇಕೆಂದಲ್ಲ, ಅದು ಆಯಾ ಸಂಸ್ಥೆಯ ಕಿಸೆಗೆ ಬಿಟ್ಟದ್ದು. ಬೇಸ್‌ಬಾಲ್ ಬಿಟ್ಟು ಉಳಿದ ಆಟಗಳ ಹಳೆಯ ಸ್ವಯಂಸೇವಕರು ಹೂಡಿದ ದಾವೆಯನ್ನು 30 ಕೋಟಿ 30 ಲಕ್ಷ ಡಾಲರ್‌ಗೆ ಮುಗಿಸಲು ಎನ್‌ಸಿಎಎ 2025ರಲ್ಲಿ ಒಪ್ಪಿತು.

ಹಣದ ಜೊತೆ ಇನ್ನೊಂದೂ ಬದಲಾಗಿತ್ತು. ವಿವಿಯನ್ ಅಕೋಸ್ಟಾ ಮತ್ತು ಲಿಂಡಾ ಕಾರ್ಪೆಂಟರ್ ಎಂಬ ಸಂಶೋಧಕಿಯರು ದಶಕಗಳ ಕಾಲ ಇಟ್ಟ ಲೆಕ್ಕದಂತೆ, 1972ರಲ್ಲಿ ಕಾಲೇಜು ಮಹಿಳಾ ತಂಡಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹೆಂಗಸರ ಕೈಯಲ್ಲಿದ್ದವು; 2014ರ ಹೊತ್ತಿಗೆ ಸುಮಾರು 43. ಹುದ್ದೆಗೆ ಸಂಬಳ ಬಂತು, ಗಂಡಸರು ಬಂದರು. ವಾಲಿಬಾಲ್‌ನಲ್ಲಂತೂ ಮೊದಲ ದರ್ಜೆಯ 43 ಮಹಿಳಾ ಟೂರ್ನಿಗಳು ಮುಗಿದರೂ ಗೆದ್ದ ಒಂದು ತಂಡಕ್ಕೂ ಮುಖ್ಯ ಕೋಚ್ ಹೆಣ್ಣಾಗಿರಲಿಲ್ಲ. ಕೆಂಟಕಿಯಲ್ಲಿ ಸಹಾಯಕಿಯಾಗಿದ್ದು 1991ರಲ್ಲಿ ಫ್ಲೋರಿಡಾಕ್ಕೆ ಬಂದ ಮೇರಿ ವೈಸ್ ಎರಡು ಸಲ ಫೈನಲ್‌ವರೆಗೆ ಹೋಗಿ ಸೋತು ಬಂದರು.

2024ರ ಡಿಸೆಂಬರ್‌ನಲ್ಲಿ ಲೂಯಿವಿಲ್‌ನಲ್ಲಿ ನಡೆದ ಫೈನಲ್‌ನಲ್ಲಿ ಎರಡೂ ಬೆಂಚಿನ ಮುಂದೆ ಹೆಂಗಸರು. ಗೆದ್ದದ್ದು ಪೆನ್ ಸ್ಟೇಟ್‌ನ ಕೇಟಿ ಶೂಮಾಕರ್-ಕಾಲಿ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಲೇ ತಂಡ ನಡೆಸಿದ್ದರು. ಸೋತದ್ದು ಲೂಯಿವಿಲ್‌ನ ಡ್ಯಾನಿ ಬುಸ್‌ಬೂಮ್ ಕೆಲ್ಲಿ. ಶೂಮಾಕರ್-ಕಾಲಿಯ ದಾರಿ ನೋಡಿ: ಪೆನ್ ಸ್ಟೇಟ್‌ನಲ್ಲಿ ರಸ್ ರೋಸ್ ಕೈಕೆಳಗೆ ಆಡಿ 1999ರಲ್ಲಿ ಗೆದ್ದರು, ಬೇರೆಡೆ ವರ್ಷಗಟ್ಟಲೆ ಮುಖ್ಯ ಕೋಚ್ ಆಗಿದ್ದರು, 2018ರಲ್ಲಿ ಅದನ್ನು ಬಿಟ್ಟು ರೋಸ್ ಪಕ್ಕದಲ್ಲಿ ಸಹಾಯಕಿಯಾಗಿ ಕೂತರು, 2022ರಲ್ಲಿ ಅವರ ಜಾಗವೇ ಸಿಕ್ಕಿತು. ಹಿಂದೆ ಜಾನ್ ಕುಕ್ ಕೂಡ ವಿಸ್ಕಾನ್ಸಿನ್‌ನ ಮುಖ್ಯ ಕೋಚ್ ಪಟ್ಟ ಇಳಿದು ನೆಬ್ರಾಸ್ಕಾದಲ್ಲಿ ಟೆರಿ ಪೆಟಿಟ್‌ಗೆ ಸಹಾಯಕರಾದರು, ಮರುವರ್ಷ ಅದೇ ತಂಡದ ಯಜಮಾನರಾಗಿ 2000ದ ಪ್ರಶಸ್ತಿ ಗೆದ್ದರು. ಇಳಿದು ಏರುವ ಈ ದಾರಿ ಯಾವ ನಿಯಮ ಪುಸ್ತಕದಲ್ಲೂ ಇಲ್ಲ, ಬಲ್ಲವರು ಬಲ್ಲರು.

ಧಾರವಾಡದ ಸಂಗೀತದವರು ಘರಾನಾ ಎನ್ನುತ್ತಾರಲ್ಲ, ಇದೂ ಹಾಗೆಯೇ. ರೋಸ್ ಎಪ್ಪತ್ತರ ದಶಕದಲ್ಲಿ ಪೆಟಿಟ್ ಬಳಿ ಸಹಾಯಕ, ಕುಕ್ ಪೆಟಿಟ್ ಶಿಷ್ಯ, ಬುಸ್‌ಬೂಮ್ ಕೆಲ್ಲಿ ಕುಕ್ ಕೈಕೆಳಗೆ ಆಡಿ ಅವರಿಗೇ ಸಹಾಯಕಿಯಾದವರು. 2024ರ ಫೈನಲ್‌ನ ಎರಡೂ ಬೆಂಚುಗಳ ಬೇರು ನೆಬ್ರಾಸ್ಕಾ ತಂಡದ ನೆಲೆಯಾದ ಲಿಂಕನ್ ಎಂಬ ಒಂದೇ ಊರಿಗೆ ಮುಟ್ಟುತ್ತದೆ. ಇದರ ಕೆಟ್ಟ ಮಗ್ಗುಲೂ ಉಂಟು: ಘರಾನಾದ ಹೊರಗಿನವರಿಗೆ ಬಾಗಿಲು ತೆರೆಯುವುದು ನಿಧಾನ.

2025ರ ಜನವರಿಯಲ್ಲಿ ಕುಕ್ ನಿವೃತ್ತರಾದರು. ಬುಸ್‌ಬೂಮ್ ಕೆಲ್ಲಿ ನೆಬ್ರಾಸ್ಕಾಕ್ಕೆ ಮರಳಿದರು. ಲೂಯಿವಿಲ್‌ನಲ್ಲಿ ಖಾಲಿಯಾದ ಅವರ ಜಾಗಕ್ಕೆ ಬಂದದ್ದು ಅಲ್ಲೇ ಪಕ್ಕದಲ್ಲಿ ಕೂತಿದ್ದ ಸಹಾಯಕ ಡ್ಯಾನ್ ಮೆಸ್ಕಿ. ಅವರು ಎದ್ದ ಕುರ್ಚಿಗೆ ಜನ ಹುಡುಕುವುದು ಆಮೇಲೆ ಅವರದೇ ಕೆಲಸವಾಯಿತು.