ಕನ್ನಂಬಾಡಿ ಕಟ್ಟೆಯೊಳಗಿನ ಇಟ್ಟಿಗೆ ಪುಡಿ

ಪಿರಿಯಾಪಟ್ಟಣದ ಅಂಚಿನಲ್ಲಿ ಹರಿದು ಕೆ.ಆರ್.ನಗರದ ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿ, ಹುಣಸೂರು ಪೇಟೆ ಹಾದುಬರುವ ಲಕ್ಷ್ಮಣತೀರ್ಥ, ಎರಡೂ ಬಂದು ನಿಲ್ಲುವುದು ಕನ್ನಂಬಾಡಿ ಕಟ್ಟೆಯ ಹಿಂದೆ. 1911ರಲ್ಲಿ ಶುರುವಾದ ಈ ಕಟ್ಟೆಯನ್ನು ಸಿಮೆಂಟಿಲ್ಲದೆ ಕಟ್ಟಿದರು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಸರಿ, ಮತ್ತೆ ಕಲ್ಲನ್ನು ಹಿಡಿದಿಟ್ಟಿದ್ದು ಯಾವುದು? ಸುರ್ಕಿ ಗಾರೆ. ಅಂದರೆ ಸುಣ್ಣದ ಜೊತೆ ಸುಟ್ಟ ಇಟ್ಟಿಗೆಯ ಪುಡಿ.

ಬರೀ ಸುಣ್ಣ ಗಟ್ಟಿಯಾಗಲು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕು. ಅದನ್ನು ಹೀರಿಕೊಂಡು ಸುಣ್ಣ ಮತ್ತೆ ಸುಣ್ಣಕಲ್ಲಾಗುತ್ತದೆ. ಆದರೆ ಸಾವಿರಾರು ಅಡಿ ಉದ್ದದ ದಪ್ಪ ಗೋಡೆಯ ಒಡಲಿಗೆ, ಅದೂ ನೀರಿನಲ್ಲಿ ನೆನೆಯುತ್ತಿರುವಾಗ, ಗಾಳಿ ಎಲ್ಲಿಂದ ಬರಬೇಕು? ಇಲ್ಲೇ ಇಟ್ಟಿಗೆ ಪುಡಿಯ ಚಮತ್ಕಾರ. ಹದವಾಗಿ ಸುಟ್ಟ ಜೇಡಿಮಣ್ಣಿನ ಸಿಲಿಕಾ, ಅಲ್ಯೂಮಿನಾಗಳು ಸುಣ್ಣ ಮತ್ತು ನೀರಿನೊಡನೆ ಸೇರಿ ನೀರಲ್ಲೇ ಗಟ್ಟಿಯಾಗುವ ಬಂಧ ಕಟ್ಟುತ್ತವೆ. ರೋಮನ್ನರು ಸಮುದ್ರದ ಬಂದರುಗಳಿಗೆ ಜ್ವಾಲಾಮುಖಿಯ ಬೂದಿ ಬೆರೆಸಿದ್ದೂ ಇದೇ ಲೆಕ್ಕದಲ್ಲಿ. ನಮ್ಮ ಕರಾವಳಿಯವರು ಸುಣ್ಣಕ್ಕೆ ಕಪ್ಪೆಚಿಪ್ಪು ಸುಟ್ಟರು. ಊರಿಗೆ ಏನು ಸಿಗುತ್ತದೋ ಅದೇ ಗಾರೆ!

ಹಳೇ ಗಾರೆಯ ಗುಟ್ಟು ಬಿಡಿಸುವುದೂ ಸ್ವಾರಸ್ಯದ ಕೆಲಸ. ಚೂರೊಂದನ್ನು ತೂಗಿ ಆಮ್ಲಕ್ಕೆ ಹಾಕಿದರೆ ನೊರೆ ಬಂದು ಸುಣ್ಣ ಕರಗುತ್ತದೆ. ಕೆಳಗೆ ಮರಳು, ಇಟ್ಟಿಗೆ ಚೂರು ಉಳಿಯುತ್ತವೆ. ಉಳಿದದ್ದನ್ನು ತೂಗಿದರೆ ಪ್ರಮಾಣ ಸುಮಾರಾಗಿ ಗೊತ್ತಾಯಿತು. ಯಾವ ಖನಿಜಗಳಿವೆ ಅಂತ ಎಕ್ಸ್-ರೇ ಹೇಳುತ್ತದೆ.

ಇದೆಲ್ಲ ಯಾಕೆ ಬೇಕು ಅಂತೀರಾ? ಹಳೇ ಗುಡಿಗೆ, ಕೋಟೆ ಗೋಡೆಗೆ, ಅಜ್ಜನ ಕಾಲದ ಮನೆಗೆ ರಿಪೇರಿ ಅಂದ ಕೂಡಲೇ ನಾವು ಸಿಮೆಂಟ್ ಮೂಟೆ ಇಳಿಸುತ್ತೇವೆ. ಸುಣ್ಣದ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತಿರುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿ ತೇವ ಒಳಗೇ ಉಳಿಯುತ್ತದೆ, ಉಪ್ಪು ಕಟ್ಟುತ್ತದೆ, ಮೆತ್ತಗಿನ ಇಟ್ಟಿಗೆ ಉದುರುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಹೊಸದು, ಒಳಗೆ ಟೊಳ್ಳು.

ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ಕಬಿನಿಗೆ 1974ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಕಾಲ ಸಿಮೆಂಟಿನದಾಗಿತ್ತು. ಅದರಲ್ಲಿ ತಪ್ಪೇನಿಲ್ಲ, ಹೊಸ ಕಟ್ಟಡಕ್ಕೆ ಹೊಸ ಗಾರೆ. ಹಳೆಯದಕ್ಕೆ ಮಾತ್ರ ಅದರದೇ ಗಾರೆ ಬೇಕು. ಸುಣ್ಣ ಅರಳಿಸಿ, ಹದ ನೋಡಿ ಅರೆಯುವುದು ಬಲ್ಲ ಗಾರೆ ಕೆಲಸದವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ನಿಮ್ಮೂರಲ್ಲಿ ಅಂಥವರೊಬ್ಬರು ಇದ್ದರೆ, ಲ್ಯಾಬಿಗೆ ಓಡುವ ಮೊದಲು ಅವರನ್ನು ಮಾತಾಡಿಸಿ. ಗೋಡೆ ಕಾಯಬಹುದು, ಆ ಕೈಗಳು ಕಾಯುವುದಿಲ್ಲ.